ಮಗಳು ಹಿಂದಿ ಬದಲು ಆಟೋಮೊಬೈಲ್ ತಗೋತೀನಿ ಅಂತಿದ್ದಾಳೆ, ಏನು ಮಾಡಲಿ?

ಬಾಣಾವರದ ಅಮ್ಮ
ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗಳು ಈ ಜೂನ್‌ಗೆ ಒಂಬತ್ತನೇ ಕ್ಲಾಸು. ಸರ್ಕಾರಿ ಹೈಸ್ಕೂಲು. ಅಲ್ಲಿ ಮೂರನೇ ಭಾಷೆ ಬದಲು ಎನ್‌ಎಸ್‌ಕ್ಯೂಎಫ್ ಅಂತ ಒಂದು ವೃತ್ತಿ ವಿಷಯ ತೆಗೆದುಕೊಳ್ಳಬಹುದಂತೆ. ಇವಳ ಶಾಲೆಯಲ್ಲಿರುವುದು ಎರಡೇ: ಬ್ಯೂಟಿ ಅಂಡ್ ವೆಲ್‌ನೆಸ್, ಆಟೋಮೊಬೈಲ್. ಹೆಣ್ಣುಮಕ್ಕಳೆಲ್ಲ ಬ್ಯೂಟಿಗೆ, ಗಂಡುಹುಡುಗರು ಆಟೋಮೊಬೈಲ್‌ಗೆ. ಹಾಗಂತ ಯಾರೂ ಬರೆದಿಟ್ಟಿಲ್ಲ, ಹಾಗೇ ನಡೆದುಕೊಂಡು ಬಂದಿದೆ. ನನ್ನ ಮಗಳು ಆಟೋಮೊಬೈಲೇ ಬೇಕು ಅಂತ ಹಟ ಹಿಡಿದಿದ್ದಾಳೆ. ಅವರಪ್ಪನ ಹಳೇ ಟಿವಿಎಸ್ ಕೆಮ್ಮಿದರೆ ಪ್ಲಗ್ ಬಿಚ್ಚಿ ಒರೆಸಿ ಹಾಕುವುದು ಅವಳೇ.

ಭಾವನವರು ಮನೆಗೆ ಬಂದು ಒಂದು ಗಂಟೆ ಬುದ್ಧಿ ಹೇಳಿ ಹೋದರು. ಹಿಂದಿ ಬಿಟ್ಟರೆ ಮುಂದೆ ಕಷ್ಟ, ಗ್ಯಾರೇಜ್ ಕೆಲಸ ಕಲಿಯೋಕೆ ಹೈಸ್ಕೂಲು ಯಾಕೆ, ಹುಡುಗಿ ಕೈಯೆಲ್ಲ ಆಯಿಲ್ ಮಾಡಿಕೊಂಡರೆ ನೋಡಿದವರು ಏನಂತಾರೆ ಅಂತ. ಕೊನೆಯದಕ್ಕೆ ನಾನು ತಲೆ ಕೆಡಿಸಿಕೊಳ್ಳಲ್ಲ. ಆದರೆ ಪಿಯುಸಿಗೆ ತೊಂದರೆ ಆಗುತ್ತಾ? ಮಾರ್ಕ್ಸ್ ಕಾರ್ಡಿನಲ್ಲಿ ಸೇರುತ್ತಾ? ಅಥವಾ ನಮ್ಮ ಕಾಲದ ಹೊಲಿಗೆ ಪೀರಿಯಡ್ ಥರ ಕಾಟಾಚಾರಕ್ಕೆ ನಡೆಯುವುದಾ? ಶನಿವಾರದೊಳಗೆ ಫಾರಂ ಕೊಡಬೇಕು.

ಜೀರಿಗೆ ಮೆಣಸು
ಭಾವನವರಿಗೆ ಹೇಳಿ, ಅವರ ಬೈಕು ನಡುದಾರಿಯಲ್ಲಿ ಕೈಕೊಟ್ಟಾಗ ಹಿಂದಿಯಲ್ಲಿ ಮಾತಾಡಿಸಿ ನೋಡಲಿ ಅಂತ.

ತುಮಕೂರು ಮೇಷ್ಟ್ರು
ತಾಯಿ, ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಗೊತ್ತಿರುವಷ್ಟು ಹೇಳುತ್ತೇನೆ. ಇದು ಎಸ್‌ಎಸ್‌ಎಲ್‌ಸಿ ಬೋರ್ಡು ಒಪ್ಪಿದ ವಿಷಯವೇ. ಪರೀಕ್ಷೆಯ ವೇಳಾಪಟ್ಟಿ ನೋಡಿ, ಮೂರನೇ ಭಾಷೆಯ ದಿನವೇ ಇದೂ ಇರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಹಿಂದಿ ಎಲ್ಲಿ ಕೂರುತ್ತದೋ ಇದೂ ಅಲ್ಲೇ ಕೂರುತ್ತದೆ. ಐಟಿ, ರೀಟೇಲ್, ಆಟೋಮೊಬೈಲ್, ಬ್ಯೂಟಿ, ಎಲೆಕ್ಟ್ರಾನಿಕ್ಸ್, ಉಡುಪು ತಯಾರಿಕೆ, ಹೀಗೆ ಹಲವು ಇವೆ. ಶಾಲೆಗೆ ಸಾಮಾನ್ಯವಾಗಿ ಎರಡು ಕೊಟ್ಟಿರುತ್ತಾರೆ.

ಕಾಟಾಚಾರದ ಮಾತಿಗೆ ಮಾತ್ರ ನಾನು ಗ್ಯಾರಂಟಿ ಕೊಡಲಾರೆ. ಕೈಕೆಲಸ ಕಲಿಸುವ ಮಾತು ನಮ್ಮಲ್ಲಿ ಹೊಸದಲ್ಲ. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ಹೇಳಿದರು, ಶಾಲೆಗೆ ನೂಲು ತೆಗೆಯುವ ತಕಲಿ ಬಂತು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಅಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ಎಸ್‌ಯುಪಿಡಬ್ಲ್ಯೂ (ಸೋಷಿಯಲಿ ಯೂಸ್‌ಫುಲ್ ಪ್ರೊಡಕ್ಟಿವ್ ವರ್ಕ್, ಸಮಾಜಕ್ಕೆ ಉಪಯೋಗವಾಗುವ ಕೆಲಸ) ಅಂತ ಹೆಸರಿಟ್ಟಿತು. ಹೆಸರು ಬದಲಾದಷ್ಟು ಸಲೀಸಾಗಿ ಪೀರಿಯಡ್ ಬದಲಾಗಲಿಲ್ಲ. ನಮ್ಮ ಶಾಲೆಯಲ್ಲಿ ಆ ಪೀರಿಯಡ್ಡು ಬಂತೆಂದರೆ ಗಣಿತದ ಮೇಷ್ಟ್ರು ಬಂದು ಕಸಿದುಕೊಳ್ಳುತ್ತಿದ್ದರು. ಪೋರ್ಷನ್ ಮುಗಿದಿಲ್ಲ ಅಂತ.

ಸುಮ್ನೆ ಓದುವವ
ಎಸ್‌ಯುಪಿಡಬ್ಲ್ಯೂ ಅಂದರೆ "ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್" ಅಲ್ವಾ ಸರ್? ನಾವು ಹಾಗೇ ಬಿಡಿಸುತ್ತಿದ್ದೆವು.

ತುಮಕೂರು ಮೇಷ್ಟ್ರು
ನಾವೂ ಸ್ಟಾಫ್ ರೂಮಿನಲ್ಲಿ ಹಾಗೇ ಬಿಡಿಸುತ್ತಿದ್ದೆವು ಮಾರಾಯ.

ಪಿಯು ಲೆಕ್ಚರರ್
ಪಿಯುಸಿ ಭಯ ಬೇಡ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ. ಕನ್ನಡ, ಇಂಗ್ಲಿಷ್ ತೆಗೆದುಕೊಂಡರೆ ಹಿಂದಿಯ ಮಾತೇ ಬರುವುದಿಲ್ಲ. ನಮ್ಮ ಕಾಲೇಜಲ್ಲಿ ಐಟಿ ತೆಗೆದುಕೊಂಡು ಬಂದವರು ಸೈನ್ಸ್‌ನಲ್ಲೂ ಇದ್ದಾರೆ, ಕಾಮರ್ಸ್‌ನಲ್ಲೂ ಇದ್ದಾರೆ.

ಕನ್ನಡವೇ ಸಾಕು
ಹಿಂದಿ ಬಿಟ್ಟರೆ ಏನು ಕಷ್ಟ ಅಂತ ಭಾವನವರು ಇಲ್ಲಿ ಬಂದು ಹೇಳಲಿ. ನಾನು ಮೂರು ವರ್ಷ ಓದಿದೆ. ಈಗ ನೆನಪಿರುವುದು ರಜಾ ಅರ್ಜಿ ಒಂದೇ. ಅದನ್ನೂ ಬಾಯಿಪಾಠ ಮಾಡಿದ್ದು.

ಕುಡ್ಲದ ಮೀನು
ಮೂರನೇ ಭಾಷೆ ಅಂದರೆ ಹಿಂದಿಯೊಂದೇ ಅಂತ ಎಲ್ಲರೂ ಅಂದುಕೊಂಡಿದ್ದೀರಿ. ನಮ್ಮ ಕಡೆ ತುಳು ತೆಗೆದುಕೊಳ್ಳುವ ಮಕ್ಕಳಿದ್ದಾರೆ, ಕೊಂಕಣಿಯವರಿದ್ದಾರೆ. ತುಳು ಬಿಟ್ಟು ಬ್ಯೂಟಿಷಿಯನ್ ಕೋರ್ಸ್ ಅಂತ ನನ್ನ ಮಗಳು ಹೇಳಿದರೆ ನಾನಂತೂ ಬೇಡ ಅಂತೇನೆ. ಹಾಗಾಗಿ ಕೆಲಸ ಕಲಿಯಬೇಕಾದರೆ ಭಾಷೆಯನ್ನು ಬಿಡಬೇಕು ಅನ್ನುವ ಏರ್ಪಾಡೇ ಸರಿಯಿಲ್ಲ.

ಕನ್ನಡವೇ ಸಾಕು
ತುಳುವಿಗೆ ನಾನು ವಿರೋಧ ಅಲ್ಲ. ಮಾತು ತಿರುಗಿಸಬೇಡಿ. ಹಿಂದಿ ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ.

ಗ್ರೀಸ್ ಕೈ
ದಾವಣಗೆರೆಯಲ್ಲಿ ನನ್ನದೊಂದು ಟೂ ವೀಲರ್ ಗ್ಯಾರೇಜ್ ಇದೆ, ಇಪ್ಪತ್ತು ವರ್ಷ ಆಯ್ತು. ಅಕ್ಕಾ, ನಿಜ ಹೇಳ್ತೀನಿ. ಹೈಸ್ಕೂಲ್ ಕೋರ್ಸ್ ಮುಗಿಸಿದ ಹುಡುಗರು ನನ್ನ ಹತ್ತಿರ ಬಂದರೆ ಮೊದಲ ದಿನ ಸ್ಪ್ಯಾನರ್ ಸೈಜ್ ಕೂಡ ಗೊತ್ತಿರುವುದಿಲ್ಲ. ಟೆನ್-ಲೆವೆನ್ ಕೊಡೋ ಅಂದರೆ ಟ್ವೆಲ್-ಥರ್ಟೀನ್ ಎತ್ತುತ್ತಾರೆ. ಎರಡು ವರ್ಷ ಚಾರ್ಟ್ ನೋಡಿದ್ದಾರೆ ಅಷ್ಟೇ. ಕೋರ್ಸ್ ಮಾಡಿದ ಮಾತ್ರಕ್ಕೆ ಮೆಕ್ಯಾನಿಕ್ ಆಗ್ತಾಳೆ ಅಂತ ಅಂದುಕೊಳ್ಳಬೇಡಿ.

ಆದರೆ ಒಂದು ಮಾತು. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಹೆಣ್ಣುಮಕ್ಕಳು. ಯಾವ ಪಾರ್ಟ್ ಹೋಗಿದೆ, ಯಾಕೆ ಬದಲಾಯಿಸಬೇಕು ಅಂತ ಕೇಳುವುದೇ ಇಲ್ಲ. ಬಿಲ್ ನೋಡದೆ ದುಡ್ಡು ಕೊಡುತ್ತಾರೆ. ನಾನು ಮೋಸ ಮಾಡಲ್ಲ, ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಮಗಳಿಗೆ ಅಷ್ಟಾದರೂ ತಿಳಿದರೆ ಕೋರ್ಸಿನ ದುಡ್ಡು ಹುಟ್ಟಿತು.

ಜೀರಿಗೆ ಮೆಣಸು
ಸರ್ಕಾರಿ ಶಾಲೆ ಅಣ್ಣ, ಕೋರ್ಸಿಗೆ ದುಡ್ಡಿಲ್ಲ.

ಗ್ರೀಸ್ ಕೈ
ಹಾಗಾದರೆ ಲಾಭವೇ ಬಿಡು.

ವೃತ್ತಿ ಟ್ರೇನರ್
ನಾನು ಎನ್‌ಎಸ್‌ಕ್ಯೂಎಫ್ ತರಬೇತುದಾರ. ಯಾವ ಜಿಲ್ಲೆ, ಯಾವ ವಿಷಯ ಅಂತ ಹೇಳಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ.

ಗ್ರೀಸ್ ಕೈ ಅಣ್ಣ ಹೇಳಿದ್ದು ಅರ್ಧ ಸರಿ. ಒಂಬತ್ತರಲ್ಲಿ ಲೆವೆಲ್ ಒಂದು, ಹತ್ತರಲ್ಲಿ ಲೆವೆಲ್ ಎರಡು. ಅಷ್ಟಕ್ಕೇ ಯಾರೂ ಕುಶಲ ಕೆಲಸಗಾರ ಆಗಲ್ಲ, ಆಗಬೇಕು ಅಂತಲೂ ಇಲ್ಲ. ಜನರಿಗೆ ಗೊತ್ತಿಲ್ಲದ ವಿಷಯ ಏನೆಂದರೆ, ಯಾವ ಟ್ರೇಡ್ ತೆಗೆದುಕೊಂಡರೂ ಪುಸ್ತಕದ ಒಂದು ಭಾಗ ಎಲ್ಲರಿಗೂ ಒಂದೇ. ಅದನ್ನು ಎಂಪ್ಲಾಯಬಿಲಿಟಿ ಸ್ಕಿಲ್ಸ್ ಅಂತಾರೆ. ಎದುರಿನವರ ಹತ್ತಿರ ಸರಿಯಾಗಿ ಮಾತಾಡುವುದು, ತನ್ನ ಸಮಯ ಮತ್ತು ಸಿಟ್ಟು ಎರಡನ್ನೂ ಹಿಡಿತದಲ್ಲಿ ಇಟ್ಟುಕೊಳ್ಳುವುದು, ಕಂಪ್ಯೂಟರ್ ಬಳಕೆ, ಸ್ವಂತ ಉದ್ಯೋಗ ಶುರು ಮಾಡುವುದು, ಪರಿಸರಕ್ಕೆ ಹೊಂದುವ ಕೆಲಸ. ಭೋಪಾಲದಲ್ಲಿರುವ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆ ಇದರ ಪಠ್ಯ ಮಾಡಿದೆ. ಚೆನ್ನಾಗಿದೆ. ನನಗೆ ಅನ್ನಿಸುವಂತೆ ಮಕ್ಕಳಿಗೆ ಹೆಚ್ಚು ದಕ್ಕುವುದು ಈ ಭಾಗವೇ. ನನ್ನ ಕ್ಲಾಸಿನ ಒಬ್ಬ ಹುಡುಗ ಹಾಲಿನ ಡೈರಿಯಲ್ಲಿ ಅಪ್ಪನ ಲೆಕ್ಕ ತಪ್ಪಾಗಿದ್ದನ್ನು ಹಿಡಿದ. ಫ್ಯಾಟ್ ಎಷ್ಟು, ರೇಟು ಎಷ್ಟು ಅಂತ ಚೀಟಿಯನ್ನು ಎಕ್ಸೆಲ್ ಶೀಟಿಗೆ ಹಾಕಿ ಕೂಡಿದ್ದ. ಅವನಿಗೆ ನಾನು ಹೇಳಿಕೊಟ್ಟಿದ್ದು ಕೂಡುವುದನ್ನು ಮಾತ್ರ.

ಇನ್ನು ಕೊರತೆ. ನಮ್ಮನ್ನು ನೇಮಿಸುವುದು ಏಜೆನ್ಸಿ. ಸಂಬಳ ಪ್ರತಿ ತಿಂಗಳು ಬರುತ್ತದೆ ಅಂದುಕೊಂಡು ಬದುಕಲಾಗಲ್ಲ. ಹೋದ ವರ್ಷ ಗುತ್ತಿಗೆ ನವೀಕರಣ ಆಗುವ ತನಕ ನಮ್ಮ ಲ್ಯಾಬ್‌ಗೆ ಬೀಗ. ಆ ಸಮಯದಲ್ಲಿ ಮಕ್ಕಳು ಏನು ಮಾಡಿರುತ್ತಾರೆ? ನೋಟ್ಸ್ ಬರೆದುಕೊಂಡಿರುತ್ತಾರೆ. ಆದ್ದರಿಂದ ಅಕ್ಕ, ಫಾರಂ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಶಾಲೆಗೆ ಹೋಗಿ ಲ್ಯಾಬ್ ತೋರಿಸಿ ಅಂತ ಕೇಳಿ. ಟೂಲ್ಸ್ ಪೆಟ್ಟಿಗೆ ಮೇಲಿನ ಪ್ಲಾಸ್ಟಿಕ್ ಹಾಗೇ ಇದ್ದರೆ ವಿಷಯ ನಿಮಗೇ ಗೊತ್ತಾಗುತ್ತದೆ.

ಬಾಣಾವರದ ಅಮ್ಮ
ಇಷ್ಟೊಂದು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಟ್ರೇನರ್ ಸರ್, ಪ್ಲಾಸ್ಟಿಕ್ ವಿಷಯ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಾಳೆಯೇ ಹೋಗುತ್ತೇನೆ.

ಧಾರವಾಡ ಪೇಡೆ
ಅಲ್ರೀ, ಎಲ್ಲರೂ ಆಟೋಮೊಬೈಲ್ ಹಿಂದೆ ಬಿದ್ದೀರಿ, ಬ್ಯೂಟಿ ಅಂದರೆ ಅಷ್ಟು ಸಸಾರವೇನ್ರೀ? ನಾನು ಧಾರವಾಡದ ಹೋಮ್ ಸೈನ್ಸ್ ಕಾಲೇಜಲ್ಲಿ ಓದಿದವಳು. ಕೃಷಿ ವಿಶ್ವವಿದ್ಯಾಲಯದ ಕಾಲೇಜದು, 1974ರಿಂದ ಇದೆ. ಯಾರಿಗಾದರೂ ಗೃಹ ವಿಜ್ಞಾನ ಓದಿದೆ ಅಂದ ಕೂಡಲೇ "ಹಾಗಾದರೆ ಹೋಳಿಗೆ ಚೆನ್ನಾಗಿ ಮಾಡ್ತೀರಿ" ಅಂತಾರೆ. ನನಗೆ ಹೋಳಿಗೆ ಹರಿಯುತ್ತದೆ, ಅದು ಬೇರೆ ಮಾತು. ನಾವು ಓದಿದ್ದು ಪೌಷ್ಟಿಕತೆ, ಬಟ್ಟೆಯ ನೂಲು ಮತ್ತು ಬಣ್ಣ, ಮಗುವಿನ ಬೆಳವಣಿಗೆ, ಮನೆಯ ದುಡ್ಡು ಮತ್ತು ದುಡಿಮೆಯ ಲೆಕ್ಕ, ಹಳ್ಳಿಗೆ ಹೋಗಿ ಅದನ್ನು ತಿಳಿಸುವ ವಿಸ್ತರಣೆ. ಹೆಸರಿನಲ್ಲಿ "ಹೋಮ್" ಇದೆ ಅಂತ ಹುಡುಗರು ಈ ಕಡೆ ತಲೆ ಹಾಕಲಿಲ್ಲ. ಈಗ ಹೆಸರನ್ನು ಸಮುದಾಯ ವಿಜ್ಞಾನ ಅಂತ ಮಾಡಿದ್ದಾರೆ. ಹೊಸ ಹೆಸರು ಹೇಳಿದರೆ ಯಾರಿಗೂ ಏನೂ ತಿಳಿಯಲ್ಲ, ಮತ್ತೆ ಹೋಮ್ ಸೈನ್ಸ್ ಅಂತಲೇ ಹೇಳಬೇಕು.

ಪಿಯುಸಿಯಲ್ಲಿ ಗೃಹ ವಿಜ್ಞಾನ ಒಂದು ವಿಷಯವಾಗಿ ಇದೆ. ತೆಗೆದುಕೊಳ್ಳುವ ಹುಡುಗರು ಎಷ್ಟು ಜನ? ಪಿಯು ಲೆಕ್ಚರರ್ ಸರ್, ನೀವೇ ಹೇಳಿ.

ಪಿಯು ಲೆಕ್ಚರರ್
ನಮ್ಮಲ್ಲಿ ಸೊನ್ನೆ. ಒಂದು ಸಲ ಒಬ್ಬ ಸೇರಿದ್ದ. ಅವರಪ್ಪ ಬಂದು ಬದಲಾಯಿಸಿಕೊಂಡು ಹೋದರು.

ಹಿಮದೂರಿನ ಕನ್ನಡಿಗ
ನಾನಿರುವುದು ಅಮೆರಿಕದ ಮಿನೆಸೋಟ. ಇಲ್ಲೂ ಇದೇ ಹೆಸರಿನ ಪಜೀತಿ ನಡೆದಿದೆ. ಮೊದಲು ಹೋಮ್ ಎಕನಾಮಿಕ್ಸ್ ಅಂತಿದ್ದರು. 1994ರ ಹೊತ್ತಿಗೆ ಫ್ಯಾಮಿಲಿ ಅಂಡ್ ಕನ್ಸ್ಯೂಮರ್ ಸೈನ್ಸಸ್ ಅಂತಾಯಿತು. ಈಗಲೂ ಇಲ್ಲಿನ ಅಜ್ಜಿಯರು "ಹೋಮ್ ಎಕ್" ಅಂತಲೇ ಅನ್ನುವುದು.

ನನ್ನ ಮಗ ಇಲ್ಲಿ ಆ ಕ್ಲಾಸ್ ತೆಗೆದುಕೊಂಡಿದ್ದ. ಒಂದು ದಿಂಬು ಹೊಲಿದ, ಅದರ ಒಂದು ಮೂಲೆ ಇನ್ನೂ ಬಿಚ್ಚಿಕೊಂಡೇ ಇದೆ. ಹಿಟ್ಟಿನ ಚೀಲವನ್ನು ಮಗು ಅಂತ ಒಂದು ವಾರ ಎತ್ತಿಕೊಂಡು ತಿರುಗಿದ. ರಾತ್ರಿ ಎದ್ದು ನೋಡಿಕೊಳ್ಳಬೇಕು, ಎಲ್ಲೂ ಬಿಟ್ಟು ಹೋಗುವಂತಿಲ್ಲ, ದಿನಾ ಏನೇನಾಯ್ತು ಅಂತ ಬರೆಯಬೇಕು. ಊರಿಂದ ಬಂದಿದ್ದ ನಮ್ಮಮ್ಮ ನೋಡಿ, "ಮೈದಾ ಹಿಟ್ಟನ್ನು ಬಗಲಲ್ಲಿ ಇಟ್ಟುಕೊಂಡು ಓಡಾಡುತ್ತಾನಲ್ಲೋ, ಇವನಿಗೆ ಏನಾಯ್ತು" ಅಂತ ಗಾಬರಿಯಾದರು. ಬಜೆಟ್ ಮಾಡುವುದು, ಬಾಡಿಗೆ ಕರಾರು ಓದುವುದು, ಕೆಲಸದ ಇಂಟರ್‌ವ್ಯೂ, ಎಲ್ಲ ಅದೇ ವಿಷಯದಲ್ಲಿ ಬಂತು. ಆದರೆ ಇಲ್ಲಿ ಎಲ್ಲ ಸರಿ ಇದೆ ಅಂತ ಅಂದುಕೊಳ್ಳಬೇಡಿ. ಹಲವು ಶಾಲೆಗಳಲ್ಲಿ ಇದು ಐಚ್ಛಿಕ. ಡಾಕ್ಟರ್, ಇಂಜಿನಿಯರ್ ಆಗಬೇಕು ಅನ್ನುವ ನಮ್ಮ ದೇಸಿ ಅಪ್ಪ ಅಮ್ಮಂದಿರು ಮೊದಲು ಕೈಬಿಡಿಸುವುದು ಇದನ್ನೇ. ನಾನೂ ಹಾಗೇ ಮಾಡುತ್ತಿದ್ದೆ, ನನ್ನಾಕೆ ಬಿಡಲಿಲ್ಲ.

ಧಾರವಾಡ ಪೇಡೆ
ನಿಮ್ಮ ಆ ಹೋಮ್ ಎಕ್ ಹುಟ್ಟಿಸಿದವರು ಯಾರು ಗೊತ್ತೇನ್ರೀ? ಎಲೆನ್ ಸ್ವಾಲೋ ರಿಚರ್ಡ್ಸ್. ಎಂಐಟಿಗೆ ಸೇರಿದ ಮೊದಲ ಹೆಣ್ಣುಮಗಳು, ಕೆಮಿಸ್ಟ್ರಿಯವರು. ಮ್ಯಾಸಚೂಸೆಟ್ಸ್‌ನ ಕುಡಿಯುವ ನೀರನ್ನು ಪರೀಕ್ಷೆ ಮಾಡಿದವರು. ಕುಡಿಯುವ ನೀರು, ತಿನ್ನುವ ಅನ್ನ, ಮನೆಯ ಗಾಳಿ, ಇದೆಲ್ಲ ವಿಜ್ಞಾನ ಅಂತ ಹೇಳಿದರು. ಅವರೂ ಇತರರೂ 1899ರಿಂದ ಲೇಕ್ ಪ್ಲಾಸಿಡ್ ಸಮ್ಮೇಳನ ಅಂತ ವರ್ಷಕ್ಕೊಮ್ಮೆ ಸೇರಿ ಕಟ್ಟಿದ ವಿಷಯ ಇದು. ನಾವು ಅದನ್ನು ಹೋಳಿಗೆಗೆ ಇಳಿಸಿದೆವು.

ಓಸಾಕದಿಂದ
ಜಪಾನಿನಲ್ಲಿ ಹುಡುಗ ಹುಡುಗಿ ಇಬ್ಬರೂ ಕಲಿಯಲೇಬೇಕು. 1993ರಿಂದ ಮಿಡ್ಲ್ ಸ್ಕೂಲಿನಲ್ಲಿ, 1994ರಿಂದ ಹೈಸ್ಕೂಲಿನಲ್ಲಿ. ಅದಕ್ಕೂ ಮುಂಚೆ ಇಲ್ಲೂ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಮಾತ್ರ ಕಡ್ಡಾಯವಾಗಿತ್ತು. ನಮ್ಮ ಆಫೀಸಿನ ಐವತ್ತು ದಾಟಿದ ಗಂಡಸರಿಗೆ ಗುಂಡಿ ಹೊಲಿಯಲು ಬರಲ್ಲ, ಮೂವತ್ತರವರಿಗೆ ಬರುತ್ತದೆ. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು.

ಸುಮ್ನೆ ಓದುವವ
ನನಗೂ ಗುಂಡಿ ಹೊಲಿಯಲು ಬರಲ್ಲ. ಇಪ್ಪತ್ತೆಂಟು ವರ್ಷ. ಬಿದ್ದ ಗುಂಡಿಗಳನ್ನೆಲ್ಲ ಒಂದು ಡಬ್ಬಿಯಲ್ಲಿಟ್ಟು ಊರಿಗೆ ಹೋದಾಗ ಅಮ್ಮನಿಗೆ ಕೊಡುತ್ತೇನೆ.

ಜೀರಿಗೆ ಮೆಣಸು
ಡಬ್ಬಿ ತುಂಬಾ ಗುಂಡಿ, ತೊಡೋಕೆ ಅಂಗಿ ಇಲ್ಲ. ಮದುವೆ ಜಾಹೀರಾತಿನಲ್ಲಿ ಇದನ್ನೂ ಬರೆಸು.

ಬಿಲ್ ಎಲ್ಲಿ
ಕೈಕೆಲಸದ ಮಾತಾಯಿತು, ಗ್ರಾಹಕರ ವಿಷಯಕ್ಕೆ ಬರುತ್ತೇನೆ. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ "ಗ್ರಾಹಕರ ಶಿಕ್ಷಣ ಮತ್ತು ರಕ್ಷಣೆ" ಅಂತ ಪಾಠ ಇದೆ. ಬ್ಯಾಂಕ್ ವ್ಯವಹಾರದ ಪಾಠವೂ ಇದೆ. ಮೇಷ್ಟ್ರು ಇದನ್ನು ಹೇಳಲೇ ಇಲ್ಲ, ನನಗೆ ಬೇಜಾರಾಯ್ತು.

ನನ್ನ ಕಥೆ ಕೇಳಿ. ಅಕ್ಕಿ ರುಬ್ಬುವ ಗ್ರೈಂಡರ್ ತೆಗೆದುಕೊಂಡೆ. ಐದು ತಿಂಗಳಿಗೆ ಮೋಟಾರ್ ಸುಟ್ಟುಹೋಯಿತು. ಅಂಗಡಿಯವನು ಕಂಪನಿ ಕೇಳಿ ಅಂದ, ಕಂಪನಿಯವರು ಅಂಗಡಿ ಕೇಳಿ ಅಂದರು. ಆಗ ಮಗ ಇದೇ ಪಾಠ ಓದುತ್ತಿದ್ದ. "ಅಪ್ಪಾ, ಇದಕ್ಕೆ ಜಿಲ್ಲಾ ಗ್ರಾಹಕ ಆಯೋಗ ಇದೆ" ಅಂದ. ಮೊದಲು 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರಿನ ನಂಬರ್ ಕೊಟ್ಟರು, ಆದರೆ ಕಂಪನಿ ಜಗ್ಗಲಿಲ್ಲ. ಆಮೇಲೆ ಬಿಳಿ ಹಾಳೆಯಲ್ಲಿ ನಾನೇ ದೂರು ಬರೆದು ಆಯೋಗಕ್ಕೆ ಕೊಟ್ಟೆ. ವಕೀಲರು ಬೇಕಿಲ್ಲ. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನಾವಿರುವ ಊರಿನ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿ ಎಲ್ಲಿದ್ದರೂ ಸರಿ. ತೊಂದರೆಯಾದ ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ. ಹದಿನಾಲ್ಕು ತಿಂಗಳು ಅಲೆದೆ. ದುಡ್ಡು ವಾಪಸ್ ಬಂತು, ಜೊತೆಗೆ ಖರ್ಚು ಅಂತ ಸ್ವಲ್ಪ. ಆ ದುಡ್ಡಿಗೆ ಇನ್ನೊಂದು ಗ್ರೈಂಡರ್ ತಂದೆ. ಅದರ ಬಿಲ್ಲನ್ನು ಮಗ ಲ್ಯಾಮಿನೇಟ್ ಮಾಡಿಸಿದ.

ಅದೇ ಮಗನಿಗೆ ಆ ಪಾಠದ ಮೇಲೆ ಬಂದ ಪ್ರಶ್ನೆ ಏನು ಗೊತ್ತಾ? ವಿಶ್ವ ಗ್ರಾಹಕರ ದಿನಾಚರಣೆ ಯಾವಾಗ? ಮಾರ್ಚ್ 15. ಒಂದು ಅಂಕ.

ತುಮಕೂರು ಮೇಷ್ಟ್ರು
ಒಪ್ಪಿದೆ. ಆ ಪಾಠ ಪುಸ್ತಕದ ಕೊನೆಯಲ್ಲಿರುವುದರಿಂದ ಜನವರಿಗೆ ಬರುತ್ತಿತ್ತು. ಅಷ್ಟರಲ್ಲಿ ನಾವು ಪಾಸಾಗಲು ಬೇಕಾದಷ್ಟನ್ನೇ ಓದಿಸುವ ಪಾಸಿಂಗ್ ಪ್ಯಾಕೇಜಿಗೆ ಇಳಿದಿರುತ್ತಿದ್ದೆವು. ಒಂದು ವರ್ಷ ಮಾತ್ರ ಮಕ್ಕಳಿಗೆ ಮನೆಯಿಂದ ಖಾಲಿ ಪ್ಯಾಕೆಟ್ ತನ್ನಿ ಅಂದೆ. ಎಂಆರ್‌ಪಿ, ತಯಾರಾದ ತಿಂಗಳು, ನಿವ್ವಳ ತೂಕ ಹುಡುಕಿಸಿದೆ. ಒಬ್ಬ ಹುಡುಗ ಗೊಬ್ಬರದ ಚೀಲವನ್ನೇ ಹೊತ್ತು ತಂದ. ಕ್ಲಾಸ್ ರೂಮು ಎರಡು ದಿನ ನಾರಿತು. ಹೆಡ್‌ಮಾಸ್ಟರು ಇನ್ನು ಮುಂದೆ ಬಾಯಲ್ಲೇ ಪಾಠ ಮಾಡಿ ಅಂದರು.

ಜೀರಿಗೆ ಮೆಣಸು
ನಮ್ಮೂರ ಅಂಗಡಿಯಲ್ಲಿ ಚಿಲ್ಲರೆ ಬದಲು ಚಾಕೊಲೇಟ್ ಕೊಡುತ್ತಾರೆ. ನನ್ನ ತಮ್ಮ ಇಪ್ಪತ್ತು ಚಾಕೊಲೇಟ್ ಕೂಡಿಟ್ಟು ಒಂದು ದಿನ ಅದನ್ನೇ ಕೊಟ್ಟು ಸಕ್ಕರೆ ಕೇಳಿದ. ಅವತ್ತಿಂದ ನಮ್ಮ ಮನೆಯವರಿಗೆ ಮಾತ್ರ ಚಿಲ್ಲರೆ ಸಿಗುತ್ತದೆ.

ಹಳೇ ಕ್ಯಾಷಿಯರ್
ಬ್ಯಾಂಕಲ್ಲಿದ್ದವನು ನಾನು. ದೊಡ್ಡ ಡಿಗ್ರಿಯವರು ಚಲನ್ ಹಿಡಿದು "ಇಲ್ಲಿ ಏನು ಬರೀಬೇಕು" ಅಂತ ಕೇಳುವುದನ್ನು ನೋಡಿದ್ದೇನೆ. ಇದಕ್ಕೆ ಶಾಲೆಯನ್ನೇ ಕಾಯಬೇಕಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ಸ್ವತಃ ಎಸ್‌ಬಿ ಖಾತೆ ನಡೆಸಬಹುದು, ಬ್ಯಾಂಕು ಇಡುವ ಮಿತಿಯೊಳಗೆ. ಮಾಡಿಸಿ ಕೊಡಿ. ಇನ್ನೊಂದು, ಮನೆಯ ಹಿರಿಯರಿಗೂ ಹೇಳಿ: ನಮಗೆ ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರು ಅಂದರೆ ದುಡ್ಡು ಹೋಗುತ್ತಿದೆ ಅಂತ ಅರ್ಥ. ಹೋಗೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕನ್ನಡವೇ ಸಾಕು
ಆ ಮೋಸದ ಫೋನುಗಳೂ ಬರುವುದು ಹಿಂದಿಯಲ್ಲೇ. ಹಿಂದಿ ಕಲಿಯದವರು ಬಚಾವ್.

ಹಳೇ ಕ್ಯಾಷಿಯರ್
ಈಗ ಅಚ್ಚ ಕನ್ನಡದಲ್ಲೂ ಬರುತ್ತವೆ ಸ್ವಾಮಿ. "ನಮಸ್ಕಾರ ಅಮ್ಮಾ" ಅಂತಲೇ ಶುರು.

ಹುಬ್ಬಳ್ಳಿ ಅಂಕಲ್
ನನ್ನದೊಂದು ಬೇರೆ ಅಭಿಪ್ರಾಯ. ಅಡುಗೆ, ಹೊಲಿಗೆ, ಬ್ಯಾಂಕು ಎಲ್ಲ ಮನೆಯಲ್ಲಿ ಕಲಿಯುವುದು. ಎಲ್ಲವನ್ನೂ ಶಾಲೆಯ ತಲೆಗೆ ಕಟ್ಟಿದರೆ ಮೇಷ್ಟ್ರು ಏನೇನು ಮಾಡಬೇಕು? ಈಗಾಗಲೇ ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ ಎಲ್ಲ ಅವರದ್ದೇ. ನಮ್ಮ ಕಾಲದಲ್ಲಿ ನಾವು ನೋಡಿ ಕಲಿತೆವು.

ಧಾರವಾಡ ಪೇಡೆ
ಅಂಕಲ್, ಬೇಜಾರು ಮಾಡಿಕೊಳ್ಳಬೇಡಿ, ನೀವು ಅಡುಗೆ ಏನೇನು ನೋಡಿ ಕಲಿತಿರಿ?

ಹುಬ್ಬಳ್ಳಿ ಅಂಕಲ್
ಚಹಾ ಮಾಡುತ್ತೇನೆ.

ಧಾರವಾಡ ಪೇಡೆ
ಮನೆಯಲ್ಲಿ ಯಾರು ಕಲಿತರು, ಯಾರು ಕಲಿಯಲಿಲ್ಲ ಅಂತ ಇದರಲ್ಲೇ ಗೊತ್ತಾಯಿತಲ್ರೀ. ಅದಕ್ಕೇ ಶಾಲೆಯಲ್ಲಿ ಬೇಕು ಅನ್ನುವುದು.

ವೃತ್ತಿ ಟ್ರೇನರ್
ಅಂಕಲ್ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. ಮೇಷ್ಟ್ರುಗಳ ಮೇಲೆ ಹೊರೆ ನಿಜ. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ತೋಟಗಾರ, ಕುಂಬಾರರ ಹತ್ತಿರ ಕಲಿಯಲಿ ಅಂದಿತು. ಚಂದ ಇದೆ. ಆದರೆ ಆ ಬಡಗಿಯ ದಿನಗೂಲಿ ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆ ಶಾಲೆಗೆ ಬಂದಾಗ ಎಲ್ಲರೂ ಮುಖ ಮುಖ ನೋಡುತ್ತಾರೆ.

ಬಾಣಾವರದ ಅಮ್ಮ
ಶಾಲೆಗೆ ಹೋಗಿ ಬಂದೆ. ಟೂಲ್ಸ್ ಪೆಟ್ಟಿಗೆಗೆ ಪ್ಲಾಸ್ಟಿಕ್ ಇರಲಿಲ್ಲ. ಎರಡು ಸ್ಪ್ಯಾನರ್ ಕಾಣೆಯಾಗಿವೆ ಅಂತ ಅಲ್ಲಿನ ಟ್ರೇನರ್ ಬೇಜಾರಾಗಿದ್ದರು. ನನಗೆ ಖುಷಿಯಾಯಿತು, ಬಳಸಿದರೆ ತಾನೇ ಕಾಣೆಯಾಗುವುದು! ಒಂದು ಇಂಜಿನ್ ಅರ್ಧ ಕತ್ತರಿಸಿ ಇಟ್ಟಿದ್ದಾರೆ, ಒಳಗೆಲ್ಲ ಕಾಣುತ್ತದೆ. ಮಗಳು ಅದರ ಮುಂದಿನಿಂದ ಏಳಲಿಲ್ಲ.

ಹೆಡ್‌ಮಾಸ್ಟರು ಹುಡುಗಿಯರು ಸೇರಬಾರದು ಅಂತ ನಿಯಮ ಇಲ್ಲ ಅಂದರು. "ಒಬ್ಬಳೇ ಆಗುತ್ತಾಳಲ್ಲ ಅಂತ ಯೋಚನೆ" ಅಂತಲೂ ಅಂದರು. ನನಗೂ ಆ ಯೋಚನೆ ಇತ್ತು, ಸುಳ್ಳು ಹೇಳಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳೇ ಅಂದಳು, ಪಕ್ಕದ ಬೀದಿಯ ಗೆಳತಿಗೂ ಆಸೆ ಇದೆ, ಅವರಮ್ಮ ಯಾರಾದರೂ ಮೊದಲು ಸೇರಲಿ ಅಂತ ಕಾಯುತ್ತಿದ್ದಾರೆ ಅಂತ. ಸಂಜೆ ಅವರ ಮನೆಗೆ ಹೋದೆ. ಅವರೂ ನನ್ನನ್ನೇ ಕಾಯುತ್ತಿದ್ದರಂತೆ. ಎರಡೂ ಫಾರಂ ಒಟ್ಟಿಗೆ ಕೊಟ್ಟೆವು.

ಭಾವನವರಿಗೆ ಇನ್ನೂ ಹೇಳಿಲ್ಲ.

ಗ್ರೀಸ್ ಕೈ
ಅಕ್ಕಾ, ದಸರಾ ರಜೆಯಲ್ಲಿ ಇಬ್ಬರನ್ನೂ ದಾವಣಗೆರೆಗೆ ಕರೆದುಕೊಂಡು ಬನ್ನಿ. ನೀವೂ ಜೊತೆಗಿರಿ. ನಾಲ್ಕು ದಿನ ಗ್ಯಾರೇಜಲ್ಲಿ ಕೂರಲಿ. ಸ್ಪ್ಯಾನರ್ ಸೈಜ್ ಕಲಿಸಿ ಕಳಿಸುತ್ತೇನೆ. ಬೆಣ್ಣೆ ದೋಸೆ ನನ್ನ ಲೆಕ್ಕ.

ಸುಮ್ನೆ ಓದುವವ
ಗುಂಡಿ ಹೊಲಿಯುವುದನ್ನು ಯಾರಾದರೂ ಹೇಳಿಕೊಡುತ್ತೀರಾ? ತಮಾಷೆ ಅಲ್ಲ.

ಧಾರವಾಡ ಪೇಡೆ
ಸೂಜಿ, ದಾರ ತಂದಿಟ್ಟುಕೊಂಡು ಮೆಸೇಜ್ ಮಾಡಿ ತಮ್ಮಾ. ದಾರ ಜೋಡಿ ಎಳೆ ಇರಲಿ. ಗುಂಡಿಯನ್ನು ಬಟ್ಟೆಗೆ ಬಿಗಿದು ಕಟ್ಟಬೇಡಿ, ನಡುವೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿದು ಆಮೇಲೆ ಕಡ್ಡಿ ತೆಗೆಯಿರಿ. ಆ ಸಡಿಲಕ್ಕೆ ದಾರ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿ.

ಕನ್ನಡವೇ ಸಾಕು
ಎಲ್ಲ ಸರಿ. ಹಿಂದಿ ಯಾಕೆ ಬೇಕು ಅಂತ ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.